ಸಂತರ ಅವಶೇಷ ನಿಜವೋ ಅಲ್ಲವೋ: ಕೇಳುವುದು ಹೇಗೆ, ನೋಡುವುದು ಹೇಗೆ

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋದವರು ಪೀಠದ ಕೆಳಗಿನ ನೆಲಮಾಳಿಗೆಗೂ ಇಳಿಯುತ್ತಾರೆ. ಅಲ್ಲಿ ಮಲಗಿರುವ ಹುಡುಗಿಯ ಪ್ರತಿಮೆ ಇದೆ. ಆ ಸಂತರ ಅವಶೇಷವೂ ಇದೆ ಎಂದು ಹೇಳುತ್ತಾರೆ. ಮೆಟ್ಟಿಲು ಹತ್ತಿ ಹೊರಗೆ ಬರುವಷ್ಟರಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: ಅದು ನಿಜವಾಗ್ಲೂ ಅವರದೇನಾ? ಆಗ ಸಿಗೋದು ಎರಡೇ ಉತ್ತರ. "ಹಾಗೆಲ್ಲ ಕೇಳಬಾರದು" ಅನ್ನೋದು ಒಂದು. "ಎಲ್ಲಾ ಸುಳ್ಳು ಬಿಡ್ರಿ" ಅನ್ನೋದು ಇನ್ನೊಂದು. ಇಬ್ಬರೂ ಏನನ್ನೂ ನೋಡಿಲ್ಲ. ಹೇಗೆ ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಭಕ್ತಿಯ ಕಡೆ ನಿಂತೇ ಬರೆಯುತ್ತಿದ್ದೇನೆ. ಸಂತರನ್ನು ಪ್ರೀತಿಸುವವರೇ ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಬೇಕು. ಯಾರದೋ ಮೂಳೆಗೆ ಇನ್ಯಾರದೋ ಹೆಸರಿಟ್ಟು ಮೇಣದಬತ್ತಿ ಹಚ್ಚಿದರೆ ಆ ಸಂತರಿಗೂ ನ್ಯಾಯ ಆಗಲಿಲ್ಲ, ಆ ಮೂಳೆ ಯಾರದೋ ಅವರಿಗೂ ಆಗಲಿಲ್ಲ. ಹೀಗೆ ಕೇಳುವುದು ಇವತ್ತಿನ ಹೊಸ ಅಭ್ಯಾಸವೂ ಅಲ್ಲ. 5ನೇ ಶತಮಾನದ ಆರಂಭದಲ್ಲೇ ಸಂತ ಅಗಸ್ಟೀನರು, ಊರೂರು ತಿರುಗಿ ರಕ್ತಸಾಕ್ಷಿಗಳ (ನಂಬಿಕೆಗಾಗಿ ಪ್ರಾಣ ಕೊಟ್ಟವರ) ಮೂಳೆ ಮಾರುವ ಸನ್ಯಾಸಿಗಳ ಬಗ್ಗೆ ಸಿಟ್ಟಿನಿಂದ ಬರೆದರು. ಅವು ನಿಜವಾಗಿ ರಕ್ತಸಾಕ್ಷಿಗಳ ಮೂಳೆಗಳೇ ಆಗಿದ್ದರೆ, ಅನ್ನುವ ಮಾತನ್ನೂ ಅವರೇ ಸೇರಿಸಿದ್ದಾರೆ. 12ನೇ ಶತಮಾನದಲ್ಲಿ ನೋಜಾಂ ಮಠದ ಹಿರಿಯರಾಗಿದ್ದ ಗಿಬರ್ಟ್ ಎಂಬ ಫ್ರೆಂಚ್ ಸನ್ಯಾಸಿ, ಯೇಸುವಿನ ಹಲ್ಲು ನಮ್ಮಲ್ಲಿದೆ ಎಂದ ಪಕ್ಕದ ಮಠದವರನ್ನು ನೇರವಾಗಿಯೇ ಪ್ರಶ್ನಿಸಿದರು. ಇವರೆಲ್ಲ ಚರ್ಚಿನ ಒಳಗಿನವರೇ.

ಮೊದಲು ಏನು ಹೇಳುತ್ತಿದ್ದಾರೆ ಅಂತ ಸರಿಯಾಗಿ ಕೇಳಿಸಿಕೊಳ್ಳಿ

"ಸಂತರ ಅವಶೇಷ" ಅಂದ ತಕ್ಷಣ ನಾವು ಮೂಳೆ ಅಂದುಕೊಳ್ಳುತ್ತೇವೆ. ಹಾಗಿರಬೇಕಾಗಿಲ್ಲ. ಕಥೋಲಿಕರಲ್ಲಿ ಹಳೆಯ ಕಾಲದಿಂದ ಮೂರು ದರ್ಜೆ ಹೇಳುತ್ತಾರೆ. ಮೊದಲ ದರ್ಜೆ ಅಂದರೆ ದೇಹದ ಭಾಗ: ಮೂಳೆ, ಕೂದಲು, ರಕ್ತ. ಎರಡನೆಯದು ಅವರು ತೊಟ್ಟ ಬಟ್ಟೆ, ಬಳಸಿದ ವಸ್ತು. ಮೂರನೆಯದು ಈ ಎರಡರಲ್ಲಿ ಒಂದಕ್ಕೆ ಮುಟ್ಟಿಸಿದ ಬಟ್ಟೆಯ ಚೂರು, ಜಪಸರ, ಪದಕ ಇಂಥವು. ಪುಟ್ಟ ಗುಂಡನೆಯ ಡಬ್ಬಿಯೊಳಗೆ ಗಾಜಿನ ಹಿಂದೆ ಚುಕ್ಕಿಯಷ್ಟು ಏನೋ ಅಂಟಿಸಿರುತ್ತಾರಲ್ಲ, ಅದರ ಕೆಳಗಿನ ಸಣ್ಣ ಚೀಟಿಯನ್ನು ಓದಿ. ಲ್ಯಾಟಿನ್‌ನಲ್ಲಿ "ಎಕ್ಸ್ ಒಸ್ಸಿಬಸ್" ಅಂತಿದ್ದರೆ ಮೂಳೆಯಿಂದ, "ಎಕ್ಸ್ ಕಾರ್ನೆ" ಅಂತಿದ್ದರೆ ಮಾಂಸದಿಂದ, "ಎಕ್ಸ್ ಇಂಡುಮೆಂಟಿಸ್" ಅಂತಿದ್ದರೆ ಬಟ್ಟೆಯಿಂದ. ಅರ್ಧ ಜಗಳ ಈ ಚೀಟಿ ಓದದೇ ಇರುವುದರಿಂದಲೇ ಹುಟ್ಟುತ್ತದೆ.

ಯೇಸುವನ್ನು ಶಿಲುಬೆಗೆ ಜಡಿದ ಮೊಳೆಗಳನ್ನೇ ತೆಗೆದುಕೊಳ್ಳಿ. ಮೂರೋ ನಾಲ್ಕೋ ಇದ್ದಿರಬೇಕು. ಯೂರೋಪಿನ ಚರ್ಚುಗಳಲ್ಲಿ ಅದಕ್ಕಿಂತ ಬಹಳ ಜಾಸ್ತಿ ಇವೆ. ಹಾಗಾದರೆ ಎಲ್ಲರೂ ಮೋಸಗಾರರೇ? ಅಲ್ಲ. 16ನೇ ಶತಮಾನದಲ್ಲಿ ಮಿಲಾನಿನ ಸಂತ ಚಾರ್ಲ್ಸ್ ಬೊರೋಮಿಯೋ ಅಲ್ಲಿನ ಮೊಳೆಯ ನಕಲುಗಳನ್ನು ಮಾಡಿಸಿ, ಮೂಲಕ್ಕೆ ಮುಟ್ಟಿಸಿ, ಬೇರೆಯವರಿಗೆ ಕೊಟ್ಟರು. ಕೊಟ್ಟವರಿಗೂ ಪಡೆದವರಿಗೂ ಅದು ನಕಲು ಅಂತ ಗೊತ್ತಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ "ಮುಟ್ಟಿಸಿದ ಮೊಳೆ" ಅನ್ನೋದು ಜನರ ಬಾಯಲ್ಲಿ "ಪವಿತ್ರ ಮೊಳೆ" ಆಗಿಬಿಡಬಹುದು. ಹಾಗಾಗಿ ನೀವು ಕೇಳಬೇಕಾದ ಮೊದಲ ಮಾತು: ಇದು ಮೂಲವೋ, ಮುಟ್ಟಿಸಿದ್ದೋ, ಬರೀ ಪ್ರತಿಮೆಯೋ? ಮೈಸೂರಿನ ನೆಲಮಾಳಿಗೆಯಲ್ಲಿ ಮಲಗಿರುವುದು ದೇಹವಲ್ಲ, ಪ್ರತಿಮೆ. ಅದನ್ನೇ ದೇಹ ಅಂದುಕೊಂಡು ಬರುವವರೂ ಇದ್ದಾರೆ.

ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆ: ಫಿಲೋಮಿನಾ ವಿಷಯ

"ಇದು ನಿಜವೇ?" ಅನ್ನುವುದನ್ನು ಬಿಡಿಸಿ ಕೇಳಿ. ವಸ್ತು ಆ ಕಾಲದ್ದೇ? ಆ ವ್ಯಕ್ತಿಯದ್ದೇ? ಆ ವ್ಯಕ್ತಿಯ ಬಗ್ಗೆ ಹೇಳುವ ಕಥೆ ನಿಜವೇ? ಈ ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು. ನಮ್ಮ ಮೈಸೂರಿನ ಫಿಲೋಮಿನಾ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

1802ರ ಮೇ ತಿಂಗಳು. ರೋಮಿನ ಪ್ರಿಸಿಲ್ಲಾ ಕ್ಯಾಟಕೋಂಬಿನಲ್ಲಿ, ಅಂದರೆ ಹಳೆಯ ಕ್ರೈಸ್ತರ ನೆಲದಡಿಯ ಸಮಾಧಿ ಸುರಂಗಗಳಲ್ಲಿ, ಒಂದು ಗೋರಿ ಸಿಕ್ಕಿತು. ಅದರ ಬಾಯಿಗೆ ಮೂರು ಸುಟ್ಟಮಣ್ಣಿನ ಹಲಗೆಗಳನ್ನು ಮುಚ್ಚಿದ್ದರು. ಅವುಗಳ ಮೇಲಿನ ಅಕ್ಷರಗಳನ್ನು ಇದ್ದ ಹಾಗೆ ಓದಿದರೆ "ಲುಮೆನಾ, ಪಾಕ್ಸ್ ತೆ, ಕುಮ್ ಫಿ." ಅರ್ಥವೇ ಆಗಲ್ಲ. ಮೊದಲ ಹಲಗೆಯನ್ನು ಕೊನೆಗೆ ಇಟ್ಟರೆ "ಪಾಕ್ಸ್ ತೇಕುಮ್ ಫಿಲುಮೆನಾ" ಆಗುತ್ತದೆ, ಅಂದರೆ ಫಿಲುಮೆನಾ, ನಿನಗೆ ಶಾಂತಿ ಇರಲಿ. ಹಲಗೆಗಳ ಮೇಲೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳಿದ್ದವು. ಒಳಗೆ ಹದಿಹರೆಯದ ಹುಡುಗಿಯ ಮೂಳೆಗಳು, ಜೊತೆಗೆ ಒಂದು ಗಾಜಿನ ಪುಟ್ಟ ಸೀಸೆ. ಅದರಲ್ಲಿ ಒಣಗಿದ್ದು ರಕ್ತ, ಹಾಗಾಗಿ ಈಕೆ ರಕ್ತಸಾಕ್ಷಿ ಎಂದು ಆಗಿನವರು ನಿರ್ಧರಿಸಿದರು.

1805ರಲ್ಲಿ ಫ್ರಾನ್ಚೆಸ್ಕೊ ದೆ ಲೂಚಿಯಾ ಎಂಬ ಗುರುಗಳು ಆ ಮೂಳೆಗಳನ್ನು ನೇಪಲ್ಸ್ ಹತ್ತಿರದ ಮುನ್ಯಾನೋ ಎಂಬ ಊರಿಗೆ ತಂದರು. ಅದ್ಭುತಗಳ ಸುದ್ದಿ ಹಬ್ಬಿತು. 1835ರಲ್ಲಿ ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದ ಪೋಲೀನ್ ಜರಿಕೋ ಎಂಬ ಫ್ರೆಂಚ್ ಮಹಿಳೆ ಅಲ್ಲಿ ಗುಣವಾದರು. ಫ್ರಾನ್ಸಿನ ಆರ್ಸ್ ಊರಿನ ಸಂತ ಜಾನ್ ವಿಯಾನ್ನಿ ಫಿಲೋಮಿನಾ ಅವರ ದೊಡ್ಡ ಭಕ್ತರು. 1837ರಲ್ಲಿ ಪೋಪ್ 16ನೇ ಗ್ರೆಗರಿ ಸಾರ್ವಜನಿಕ ಆಚರಣೆಗೆ ಒಪ್ಪಿಗೆ ಕೊಟ್ಟರು. ಆ ಭಕ್ತಿ ಹರಡುತ್ತಾ ಇಲ್ಲಿಗೂ ಬಂತು. 1926ರಲ್ಲಿ, ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ಟಿ.ಆರ್.ಎ. ತಂಬುಚೆಟ್ಟಿಯವರು ಪೋಪರ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿಯವರಿಂದ ಒಂದು ಅವಶೇಷವನ್ನು ಪಡೆದು ತಂದರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಚರ್ಚಿಗೆ ಅಡಿಗಲ್ಲು ಹಾಕಿದರು.

ಈಗ ಸಂಶಯದ ಕಡೆ ನೋಡೋಣ. 20ನೇ ಶತಮಾನದ ಆರಂಭದಲ್ಲಿ ಒರಾಜಿಯೋ ಮರೂಕ್ಕಿ ಎಂಬ ಪುರಾತತ್ವಜ್ಞರು ಹಲಗೆಗಳು ತಪ್ಪು ಕ್ರಮದಲ್ಲಿ ಇದ್ದದ್ದು ಯಾಕೆ ಎಂದು ಕೇಳಿದರು. ಅವರ ವಾದ ಹೀಗೆ: ಆ ಹಲಗೆಗಳು ಹಳೆಯ ಗೋರಿಯೊಂದರವು. ಆ ಫಿಲುಮೆನಾ ಬೇರೆ. ಆಮೇಲೆ, 4ನೇ ಶತಮಾನದಲ್ಲಿ, ಇನ್ನೊಬ್ಬ ಹುಡುಗಿಯನ್ನು ಹೂಳುವಾಗ ಅದೇ ಹಲಗೆಗಳನ್ನು ಮತ್ತೆ ಬಳಸಿದರು, ಹೆಸರು ಇವಳದ್ದಲ್ಲ ಎಂದು ತೋರಿಸಲು ಬೇಕೆಂದೇ ಹಿಂದುಮುಂದು ಇಟ್ಟರು. ಇದನ್ನು ಒಪ್ಪದವರೂ ಇದ್ದಾರೆ, ಗೋರಿ ಮುಚ್ಚಿದವನು ಆತುರದಲ್ಲಿ ತಪ್ಪಾಗಿ ಇಟ್ಟಿರಬಹುದು ಎನ್ನುತ್ತಾರೆ. ಇನ್ನು ಸೀಸೆ. ಕ್ಯಾಟಕೋಂಬುಗಳಲ್ಲಿ ಅಂಥ ಸೀಸೆಗಳು ಬೇಕಾದಷ್ಟು ಸಿಕ್ಕಿವೆ, ಅವು ಸುಗಂಧಕ್ಕೆ ಇಟ್ಟವು, ರಕ್ತಸಾಕ್ಷಿಯ ಗುರುತಲ್ಲ ಅನ್ನುವುದು ಆಮೇಲೆ ವಿದ್ವಾಂಸರಿಗೆ ಸ್ಪಷ್ಟವಾಯಿತು. ಗ್ರೀಕ್ ರಾಜಕುಮಾರಿ, ಚಕ್ರವರ್ತಿ ಡಯೊಕ್ಲೀಶಿಯನ್ ಮದುವೆಯಾಗಲು ಕೇಳಿದ, ಒಪ್ಪದ್ದಕ್ಕೆ ಕೊಂದ ಅನ್ನುವ ಕಥೆ ನಮ್ಮಲ್ಲೂ ಹೇಳುತ್ತಾರಲ್ಲ, ಅದು ಯಾವ ಹಳೆಯ ದಾಖಲೆಯಲ್ಲೂ ಇಲ್ಲ. 1833ರಲ್ಲಿ ನೇಪಲ್ಸಿನ ಸನ್ಯಾಸಿನಿಯೊಬ್ಬರು ತಮಗಾದ ದರ್ಶನ ಎಂದು ಹೇಳಿದ್ದು ಅದರ ಮೂಲ. 1961ರಲ್ಲಿ ರೋಮ್ ಫಿಲೋಮಿನಾ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಸಿತು. ಖಾಸಗಿಯಾಗಿ ಪ್ರಾರ್ಥಿಸಬೇಡಿ ಎಂದು ಹೇಳಲಿಲ್ಲ.

ಮೂರು ಪ್ರಶ್ನೆಗೂ ಉತ್ತರ ಈಗ ಕಾಣುತ್ತದೆ. ಮೂಳೆಗಳು ಕ್ಯಾಟಕೋಂಬಿನ ಕಾಲದವೇ? ಹೌದು ಎನ್ನಲು ಒಳ್ಳೆಯ ಕಾರಣ ಇದೆ, ಗೋರಿ ಮುಚ್ಚಿದ ಹಾಗೇ ಸಿಕ್ಕಿತ್ತು. ಅವು ಫಿಲೋಮಿನಾ ಎಂಬ ರಕ್ತಸಾಕ್ಷಿಯದ್ದೇ? ಹೆಸರೂ ಅನುಮಾನ, ರಕ್ತಸಾಕ್ಷಿ ಅನ್ನೋದು ಇನ್ನೂ ಅನುಮಾನ. ಕಥೆ ನಿಜವೇ? ಅದಕ್ಕೆ ಚರಿತ್ರೆಯ ಆಧಾರ ಇಲ್ಲ. "ಎಲ್ಲಾ ಸುಳ್ಳು" ಅಂದವರೂ ತಪ್ಪಿದರು, "ಎಲ್ಲಾ ನಿಜ" ಅಂದವರೂ ತಪ್ಪಿದರು. ಮುನ್ಯಾನೋದಲ್ಲಿ ಇರುವುದು ರೋಮಿನ ಆದಿ ಕ್ರೈಸ್ತರ ನಡುವೆ ಮಲಗಿದ್ದ ಒಬ್ಬ ಹುಡುಗಿಯ ಮೂಳೆ, ಮೈಸೂರಿಗೆ ಬಂದಿರುವುದು ಆ ಭಕ್ತಿಯ ಒಂದು ತುಣುಕು. ಅಷ್ಟನ್ನು ಹೇಳಿ ನಿಲ್ಲಿಸುವುದೇ ಸರಿ ಅಂತ ನನಗನ್ನಿಸುತ್ತದೆ. ಅಷ್ಟೇ ಆದರೂ ತಲೆಬಾಗಲು ಸಾಕು.

ಕೈಯಿಂದ ಕೈಗೆ ಹೇಗೆ ಬಂತು?

ಸಂತರು ತೀರಿಕೊಂಡ ದಿನದಿಂದ ಇವತ್ತಿನವರೆಗೆ ಆ ವಸ್ತು ಯಾರ ಕೈಯಲ್ಲಿತ್ತು ಅಂತ ಬರೆಯಲು ಕೂತುಕೊಳ್ಳಿ. ಎಲ್ಲಿ ಖಾಲಿ ಬಿಡಬೇಕಾಗುತ್ತದೋ ಅಲ್ಲೇ ಸಂಶಯ ಇರಬೇಕಾದ ಜಾಗ.

ಗೋವಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ ವಿಷಯದಲ್ಲಿ ಖಾಲಿ ಜಾಗ ಹೆಚ್ಚಿಲ್ಲ. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. 1553ರ ಆರಂಭದಲ್ಲಿ ದೇಹವನ್ನು ತೆಗೆದು ಮಲಕ್ಕಾಕ್ಕೆ ಒಯ್ದರು, 1554ರ ಮಾರ್ಚಿನಲ್ಲಿ ಗೋವಾಕ್ಕೆ ತಂದರು. ನೋಡಿದವರು ಆಗಲೇ ಬರೆದಿಟ್ಟರು. 1614ರಲ್ಲಿ ಬಲಗೈಯ ಭಾಗ ರೋಮಿಗೆ ಹೋಯಿತು. ಸುಮಾರು ಹತ್ತು ವರ್ಷಕ್ಕೊಮ್ಮೆ ಜನರ ದರ್ಶನಕ್ಕೆ ಇಡುತ್ತಾರೆ, 2024ರ ನವೆಂಬರಿನಿಂದ 2025ರ ಜನವರಿವರೆಗೆ ನಡೆದದ್ದು ಈಚಿನದು. ಇದು 15ನೇ ಶತಮಾನದ ಬೌದ್ಧ ಭಿಕ್ಷು ಶ್ರೀ ರಾಹುಲರ ದೇಹ ಎಂದು ಶ್ರೀಲಂಕಾದಲ್ಲಿ ಕೆಲವರು ಹೇಳುತ್ತಾರೆ. ಆ ಮಾತನ್ನೂ ಇದೇ ರೀತಿ ತೂಗಿ: ಮಲಕ್ಕಾದಿಂದ ಗೋವಾಕ್ಕೆ ಬರುವ ದಾರಿಯಲ್ಲಿ ದೇಹ ಬದಲಾಯಿತು ಎನ್ನಲು ಆ ಕಾಲದ ಬರಹ ಏನಿದೆ? ಮತ್ತೊಂದು ಎಚ್ಚರ. "ದೇಹ ಕೊಳೆಯಲಿಲ್ಲವಂತೆ, ಹೌದಾ?" ಅನ್ನುವುದು ಬೇರೆ ಪ್ರಶ್ನೆ. ಈಗಿರುವುದು ಒಣಗಿ ಕುಗ್ಗಿದ ದೇಹ. ಅದು ಪವಾಡವೋ ಅಲ್ಲವೋ ಅನ್ನುವ ಜಗಳಕ್ಕೂ, ಅದು ಯಾರ ದೇಹ ಅನ್ನುವ ವಿಚಾರಕ್ಕೂ ಸಂಬಂಧ ಇಲ್ಲ.

ಪಾದುವಾದ ಸಂತ ಅಂತೋನಿಯವರದ್ದೂ ಹೀಗೇ ಗಟ್ಟಿ. 1231ರಲ್ಲಿ ತೀರಿಕೊಂಡರು, ವರ್ಷ ತುಂಬುವ ಮೊದಲೇ ಸಂತರೆಂದು ಘೋಷಣೆಯಾಯಿತು, 1263ರಲ್ಲಿ ಸಂತ ಬೊನವೆಂಚರ್ ಎದುರಿನಲ್ಲೇ ಗೋರಿ ತೆರೆದರು, 1981ರಲ್ಲಿ ಮತ್ತೆ ತೆರೆದು ವೈದ್ಯರು ಪರೀಕ್ಷಿಸಿದರು. ಮಂಗಳೂರಿನಲ್ಲಿ ಫೆಬ್ರುವರಿ 15ಕ್ಕೆ ಅವರ ಅವಶೇಷಗಳ ಹಬ್ಬ ಮಾಡುವವರು ನೆಮ್ಮದಿಯಿಂದ ಮಾಡಬಹುದು.

ಇದಕ್ಕೆ ಎದುರಾಗಿ ಟ್ಯೂರಿನ್ ಬಟ್ಟೆ. ಯೇಸುವಿನ ದೇಹಕ್ಕೆ ಸುತ್ತಿದ್ದು ಎಂದು ಹೇಳುವ ಆ ಉದ್ದನೆಯ ನಾರುಬಟ್ಟೆ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಿಸುವುದು 1350ರ ದಶಕದಲ್ಲಿ, ಫ್ರಾನ್ಸಿನ ಲಿರೇ ಎಂಬ ಹಳ್ಳಿಯಲ್ಲಿ, ಜೋಫ್ರಾ ದ ಶಾರ್ನಿ ಎಂಬ ಯೋಧನ ಕುಟುಂಬದ ಕೈಯಲ್ಲಿ. ಅದಕ್ಕೂ ಹಿಂದೆ ಸುಮಾರು 1300 ವರ್ಷ ಖಾಲಿ. ಆ ಖಾಲಿಯನ್ನು ತುಂಬಲು ಎಡೆಸ್ಸಾ, ಕಾನ್‌ಸ್ಟಾಂಟಿನೋಪಲ್ ಎಂದು ಊಹೆಗಳಿವೆ, ಊಹೆಗಳಾಗಿಯೇ ಇವೆ. 1389ರ ಹೊತ್ತಿಗೇ ಟ್ರಾಯ್ಸಿನ ಧರ್ಮಾಧ್ಯಕ್ಷ (ಬಿಷಪ್) ಪಿಯೇರ್ ದಾರ್ಸಿ, ಇದು ಚಿತ್ರಕಾರನೊಬ್ಬ ಮಾಡಿದ್ದು ಎಂದು ನನ್ನ ಹಿಂದಿನವರು ಕಂಡುಕೊಂಡಿದ್ದರು ಎಂದು ಬರೆದರು. ಮೊದಲ ದೊಡ್ಡ ಸಂಶಯ ಬಂದದ್ದು ಧರ್ಮಾಧ್ಯಕ್ಷರಿಂದಲೇ.

ಕಾಗದ, ದಾರ, ಅರಗು

ಸಣ್ಣ ಅವಶೇಷದ ಡಬ್ಬಿಯ ಹಿಂಭಾಗ ನೋಡಿ. ಕೆಂಪು ದಾರ ಅಡ್ಡಡ್ಡ ಕಟ್ಟಿ ಅದರ ಮೇಲೆ ಅರಗಿನ ಮುದ್ರೆ ಒತ್ತಿರಬೇಕು. ಅದರ ಜೊತೆ ಒಂದು ಕಾಗದ ಇರಬೇಕು, ಅದಕ್ಕೆ ಅಥೆಂಟಿಕಾ ಎನ್ನುತ್ತಾರೆ. ಯಾವ ಧರ್ಮಾಧ್ಯಕ್ಷರು ಅಥವಾ ಯಾವ ಅಧಿಕಾರಿ ಕೊಟ್ಟರು, ಯಾವ ಸಂತರದ್ದು, ದೇಹದ್ದೋ ಬಟ್ಟೆಯದ್ದೋ, ಯಾವ ದಿನ ಅಂತ ಅದರಲ್ಲಿ ಇರುತ್ತದೆ. ಕಾಗದದ ಮುದ್ರೆ ಮತ್ತು ಅರಗಿನ ಮುದ್ರೆ ಒಂದೇ ಇದೆಯೇ ಅಂತ ಹೋಲಿಸಿ. ದಾರ ಹರಿದಿದ್ದರೆ, ಅರಗು ಒಡೆದಿದ್ದರೆ, ಒಳಗಿನದ್ದು ಕಾಗದ ಹೇಳುವ ವಸ್ತುವೇ ಅಂತ ಹೇಳಲು ಮತ್ತೆ ಯಾರಿಂದಲೂ ಆಗುವುದಿಲ್ಲ.

ಆದರೆ ಕಾಗದ ಎಷ್ಟು ಹೇಳುತ್ತದೆ ಅನ್ನುವುದನ್ನು ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. 1880ರ ಕಾಗದ 1880ರಲ್ಲಿ ಆ ಕಚೇರಿ ಇದನ್ನು ನಂಬಿ ಕೊಟ್ಟಿತು ಎಂದು ಮಾತ್ರ ಹೇಳುತ್ತದೆ. ಇತ್ತೀಚಿನ ಸಂತರಾದರೆ ಅಷ್ಟು ಸಾಕು. ಮೊದಲ ಶತಮಾನದ ಪ್ರೇಷಿತರದ್ದು, ಅಂದರೆ ಯೇಸುವಿನ ಶಿಷ್ಯರದ್ದು, ಅಂತಾದರೆ ಆ ಕಾಗದದ ಹಿಂದೆ ಇನ್ನೂ 1800 ವರ್ಷ ಇದೆ.

ಚರ್ಚು ಈ ಬಾಗಿಲನ್ನು ಬಹಳ ಹಿಂದೆಯೇ ಬಿಗಿ ಮಾಡಿದೆ. 1215ರ ಲ್ಯಾಟರನ್ ಸಭೆ ಅವಶೇಷಗಳನ್ನು ಮಾರಾಟಕ್ಕೆ ಇಡಬಾರದು, ಹೊಸದಾಗಿ ಸಿಕ್ಕಿದ್ದನ್ನು ಪೋಪರ ಒಪ್ಪಿಗೆ ಇಲ್ಲದೆ ಪೂಜ್ಯವೆಂದು ಇಡಬಾರದು ಅಂದಿತು. 1563ರ ಟ್ರೆಂಟ್ ಸಭೆ ಧರ್ಮಾಧ್ಯಕ್ಷರ ಒಪ್ಪಿಗೆ ಕಡ್ಡಾಯ ಮಾಡಿತು. 2017ರಲ್ಲಿ ವ್ಯಾಟಿಕನ್ ಅವಶೇಷಗಳ ಗುರುತು ಮತ್ತು ಸಂರಕ್ಷಣೆ ಬಗ್ಗೆ ವಿವರವಾದ ನಿಯಮಗಳನ್ನು ಹೊರಡಿಸಿತು. ಇಷ್ಟೆಲ್ಲ ನಿಯಮ ಬೇಕಾಯಿತು ಅಂದರೆ ಮೋಸವೂ ಅಷ್ಟೇ ನಡೆದಿತ್ತು ಅಂತಲೇ ಅರ್ಥ.

ಲ್ಯಾಬ್ ಏನು ಹೇಳಬಲ್ಲದು, ಏನು ಹೇಳಲಾರದು

ಕಾರ್ಬನ್ ಪರೀಕ್ಷೆ ವಸ್ತುವಿನ ವಯಸ್ಸು ಹೇಳುತ್ತದೆ, ಹೆಸರು ಹೇಳುವುದಿಲ್ಲ. "ಅಲ್ಲ" ಅನ್ನುವುದನ್ನು ಗಟ್ಟಿಯಾಗಿ ಹೇಳಬಲ್ಲದು. "ಹೌದು" ಅನ್ನುವುದನ್ನು ಒಂಟಿಯಾಗಿ ಹೇಳಲಾರದು. ಇದೊಂದನ್ನು ನೆನಪಿಟ್ಟುಕೊಂಡರೆ ಪತ್ರಿಕೆಯ ತಲೆಬರಹ ನೋಡಿ ಮೋಸ ಹೋಗುವುದಿಲ್ಲ.

2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್, ರೋಮಿನಲ್ಲಿ ಸಂತ ಪೌಲರದ್ದೆಂದು ನಂಬುವ ಕಲ್ಲಿನ ಪೆಟ್ಟಿಗೆಗೆ ಸಣ್ಣ ರಂಧ್ರ ಕೊರೆದು ತೆಗೆದ ಮೂಳೆಯ ಚೂರುಗಳು 1ನೇ ಅಥವಾ 2ನೇ ಶತಮಾನದವು ಎಂದು ತಿಳಿಸಿದರು. ಅಂದರೆ ಕಾಲ ಹೊಂದುತ್ತದೆ. ಅದು ಪೌಲರೇ ಎನ್ನಲು ಪರೀಕ್ಷೆ ಸಾಲದು, ಅಲ್ಲಿನ ಸಂಪ್ರದಾಯ ಹಳೆಯದು ಅನ್ನುವುದೂ ಸೇರಬೇಕು. 2017ರಲ್ಲಿ ಆಕ್ಸ್‌ಫರ್ಡಿನವರು ಸಂತ ನಿಕೋಲಸರದ್ದೆನ್ನುವ ಒಂದು ಮೂಳೆಯ ಚೂರನ್ನು ನೋಡಿದರು. 4ನೇ ಶತಮಾನ ಎಂದು ಬಂತು, ಕಾಲ ಹೊಂದಿತು. 2021ರಲ್ಲಿ ರೋಮಿನ ಪ್ರೇಷಿತರ ಚರ್ಚಿನಲ್ಲಿದ್ದ, ಚಿಕ್ಕ ಯಾಕೋಬರದ್ದು ಎಂದು ನಂಬಿದ್ದ ತೊಡೆಮೂಳೆ ಕ್ರಿ.ಶ. 214ರಿಂದ 340ರ ನಡುವಿನದು ಎಂದು ಡೆನ್ಮಾರ್ಕಿನ ಸಂಶೋಧಕರ ತಂಡ ಹೇಳಿತು. ಹಾಗಾದರೆ ಅದು ಯೇಸುವಿನ ಶಿಷ್ಯರದ್ದಾಗಲು ಸಾಧ್ಯವಿಲ್ಲ. ಇದನ್ನು ಕೇಳಿ ಯಾರೋ ಮೋಸ ಮಾಡಿದರು ಎಂದು ಹಾರಬೇಡಿ. ಆ ಚರ್ಚಿಗೆ ಮೂಳೆ ತಂದವರು ಆದಿ ಕ್ರೈಸ್ತರ ಸ್ಮಶಾನದಲ್ಲಿ ನಿಜವಾಗಿಯೇ ಹುಡುಕಿ, ಇದೇ ಇರಬೇಕು ಎಂದು ನಂಬಿ ತಂದಿರಬಹುದು.

ಮೋಸವೇ ಆದದ್ದೂ ಇದೆ. ಜೋನ್ ಆಫ್ ಆರ್ಕ್ ಅವರನ್ನು 1431ರಲ್ಲಿ ಸುಟ್ಟು ಬೂದಿಯನ್ನು ಸೇನ್ ನದಿಗೆ ಎಸೆದರು. 1867ರಲ್ಲಿ ಪ್ಯಾರಿಸ್ಸಿನ ಔಷಧಿ ಅಂಗಡಿಯೊಂದರ ಅಟ್ಟದಲ್ಲಿ ಅವರ ಅವಶೇಷ ಎಂದು ಚೀಟಿ ಅಂಟಿಸಿದ ಸೀಸೆ ಸಿಕ್ಕಿತು. ಫಿಲಿಪ್ ಶಾರ್ಲಿಯೇ ಎಂಬ ವೈದ್ಯರ ತಂಡ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಹೇಳಿತು: ಈಜಿಪ್ಟಿನ ಮಮ್ಮಿಯ ಪಕ್ಕೆಲುಬು, ಜೊತೆಗೆ ಒಂದು ಬೆಕ್ಕಿನ ಮೂಳೆ. ವಾಸನೆ ಗ್ರಹಿಸುವುದರಲ್ಲಿ ಪಳಗಿದ ಸುಗಂಧ ತಯಾರಕರಿಂದಲೂ ಮೂಸಿ ನೋಡಿಸಿದ್ದರು, ವೆನಿಲ್ಲಾದಂಥ ವಾಸನೆ ಸಿಕ್ಕಿತು. ಸುಟ್ಟ ದೇಹಕ್ಕೆ ಆ ವಾಸನೆ ಬರುವುದಿಲ್ಲ.

ಟ್ಯೂರಿನ್ ಬಟ್ಟೆಯ ಚೂರನ್ನು 1988ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾ ಮೂರು ಕಡೆ ಬೇರೆ ಬೇರೆಯಾಗಿ ಪರೀಕ್ಷಿಸಿದರು. 1260ರಿಂದ 1390ರ ನಡುವಿನದು ಎಂದು ಬಂತು. ಚೂರು ಕತ್ತರಿಸಿದ್ದು ಒಂದು ಮೂಲೆಯಿಂದ, ಅಲ್ಲಿ ಹಳೆಯ ಕಾಲದ ರಿಪೇರಿ ಇತ್ತು ಎಂಬ ಆಕ್ಷೇಪ ಇದೆ. ಚಿತ್ರ ಮೂಡಿದ್ದು ಹೇಗೆ ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರವೂ ಬಂದಿಲ್ಲ. ಆದರೆ ಪರೀಕ್ಷೆ ಹೇಳಿದ ವರ್ಷ, ಬಟ್ಟೆ ಮೊದಲು ಕಾಣಿಸಿದ ವರ್ಷ, ಆ ಧರ್ಮಾಧ್ಯಕ್ಷರ ಬರಹ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಅದು 14ನೇ ಶತಮಾನದ್ದೇ ಎಂದು ನಾನು ಒಪ್ಪಿಕೊಂಡಿದ್ದೇನೆ. ಆ ಮುಖ ನೋಡಿದಾಗ ಯಾತನೆಯ ನೆನಪಾಗುವುದು ಅದರಿಂದ ನಿಂತಿಲ್ಲ.

ಈಗ ಎಲ್ಲವೂ ಸೇರಿ ಹೊಂದಿದ ಒಂದು ಉದಾಹರಣೆ, ಅದೂ ನಮ್ಮ ಪಕ್ಕದಲ್ಲೇ ಆದದ್ದು. ಜಾರ್ಜಿಯಾದ ರಾಣಿ ಕೆಟೆವಾನ್ ಧರ್ಮ ಬಿಡಲು ಒಪ್ಪದ್ದಕ್ಕೆ 1624ರಲ್ಲಿ ಪರ್ಷಿಯಾದ ಶಿರಾಜಿನಲ್ಲಿ ಷಾ ಅಬ್ಬಾಸ್ ಆಜ್ಞೆಯಂತೆ ಕೊಲೆಯಾದರು. ಅಲ್ಲಿದ್ದ ಅಗಸ್ಟೀನಿಯನ್ ಸನ್ಯಾಸಿಗಳು ಅವಶೇಷಗಳನ್ನು ಗುಟ್ಟಾಗಿ ಸಂಗ್ರಹಿಸಿ, ಒಂದು ಭಾಗವನ್ನು 1627ರಲ್ಲಿ ಗೋವಾಕ್ಕೆ ತಂದರು. ಹಳೇ ಗೋವಾದ ಸಂತ ಅಗಸ್ಟೀನ್ ಮಠದಲ್ಲಿ ಯಾವ ಕಿಟಕಿಯ ಬಳಿ ಇಟ್ಟರು ಅನ್ನುವುದು ಪೋರ್ಚುಗೀಸ್ ಬರಹದಲ್ಲಿದೆ. ಮಠ ಬಿದ್ದು ಹಾಳಾಯಿತು. ಜಾರ್ಜಿಯಾದವರು ವರ್ಷಗಟ್ಟಲೆ ಹುಡುಕಿಸಿದರು. ಕೊನೆಗೆ ನಮ್ಮ ಪುರಾತತ್ವ ಇಲಾಖೆಯವರಿಗೆ ಅಗೆತದಲ್ಲಿ ಒಂದು ಕೈಮೂಳೆ ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಡಿಎನ್‌ಎ ತೆಗೆದರು. ಹೆಂಗಸಿನ ಮೂಳೆ ಎಂದಾಯಿತು. ತಾಯಿಯ ಕಡೆಯಿಂದ ಬರುವ ಡಿಎನ್‌ಎ ಗುಂಪು ಯು1ಬಿ ಎಂದು ಬಂತು. ಅವರ ಬಳಿ ಇದ್ದ ಸಾವಿರಾರು ಭಾರತೀಯರ ಮಾದರಿಗಳಲ್ಲಿ ಅದು ಒಂದರಲ್ಲೂ ಇರಲಿಲ್ಲ, ಜಾರ್ಜಿಯಾದ ಜನರಲ್ಲಿ ಇತ್ತು. 2021ರ ಜುಲೈನಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದರ ಒಂದು ಭಾಗವನ್ನು ಟಿಬಿಲಿಸಿಗೆ ಒಯ್ದು ಒಪ್ಪಿಸಿದರು. ಡಿಎನ್‌ಎ ಒಂದೇ ಆಗಿದ್ದರೆ ಜಾರ್ಜಿಯಾ ಕಡೆಯ ಯಾರೋ ಹೆಂಗಸು ಎನ್ನಬಹುದಿತ್ತು, ಅಷ್ಟೇ. ಬರಹ ಹೇಳಿದ ಜಾಗ, ಅಗೆತದಲ್ಲಿ ಸಿಕ್ಕ ಜಾಗ, ಮೂಳೆಯೊಳಗಿನ ಗುರುತು ಮೂರೂ ಸೇರಿದ್ದರಿಂದ ಅದಕ್ಕೆ ಬಲ ಬಂತು. ಯಾವ ಅವಶೇಷದ ಬಗ್ಗೆ ಕೇಳಿದರೂ ನಾನು ಮನಸ್ಸಿನಲ್ಲಿ ಇದರ ಪಕ್ಕದಲ್ಲಿಟ್ಟು ನೋಡುತ್ತೇನೆ.

ಸಂಶಯದ ಮಾತನ್ನೂ ಪರೀಕ್ಷಿಸಿ

ಶಿಲುಬೆಯ ಚೂರುಗಳನ್ನೆಲ್ಲ ಒಟ್ಟು ಹಾಕಿದರೆ ಒಂದು ಹಡಗು ತುಂಬುತ್ತದೆ ಅಂತ ನೀವು ಕೇಳಿರುತ್ತೀರಿ. 1543ರಲ್ಲಿ ಜಾನ್ ಕ್ಯಾಲ್ವಿನ್ ಬರೆದ ಮಾತು ಅದು. ನಿಜವಾಗಿ ಅಳೆದವರು 19ನೇ ಶತಮಾನದ ಶಾರ್ಲ್ ರೋ ದ ಫ್ಲರಿ. ಗೊತ್ತಿದ್ದ ಚೂರುಗಳನ್ನೆಲ್ಲ ಪಟ್ಟಿ ಮಾಡಿ 1870ರಲ್ಲಿ ಪ್ರಕಟಿಸಿದರು. ಎಲ್ಲ ಸೇರಿ ಸುಮಾರು 4 ಲೀಟರ್ ಗಾತ್ರ, ಒಂದು ಪೂರ್ತಿ ಶಿಲುಬೆಗೆ ಅವರು ಲೆಕ್ಕ ಹಾಕಿದ್ದು ಸುಮಾರು 178 ಲೀಟರ್. ಹಡಗು ಹೋಗಲಿ, ಒಂದು ತೊಲೆಯೂ ಆಗಲಿಲ್ಲ. ಇದರಿಂದ ಆ ಚೂರುಗಳು ನಿಜ ಎಂದು ಆಗುವುದಿಲ್ಲ. ಹಡಗಿನ ಮಾತು ಸುಳ್ಳು ಎಂದು ಮಾತ್ರ ಆಗುತ್ತದೆ.

ಸ್ನಾನಿಕ ಯೋವಾನ್ನರ (ಜಾನ್ ದ ಬ್ಯಾಪ್ಟಿಸ್ಟ್) ತಲೆಯ ವಿಷಯದಲ್ಲಿ ಮಾತ್ರ ಸಂಶಯಪಡುವವರ ಲೆಕ್ಕ ಸರಿ. ಡಮಾಸ್ಕಸ್ಸಿನ ಉಮಯ್ಯದ್ ಮಸೀದಿ, ರೋಮಿನ ಸಾನ್ ಸಿಲ್ವೆಸ್ಟ್ರೋ, ಫ್ರಾನ್ಸಿನ ಅಮಿಯೆನ್ಸ್ ಮೂರೂ ಕಡೆ ಅದು ಇದೆ ಎನ್ನುತ್ತಾರೆ. ಹೆಚ್ಚೆಂದರೆ ಒಂದು ನಿಜ, ಅಥವಾ ಒಂದೇ ತಲೆಬುರುಡೆಯ ಬೇರೆ ಬೇರೆ ತುಂಡುಗಳು.

ಗೊತ್ತಾದ ಮೇಲೆ ಏನು ಮಾಡೋದು?

ಜಾಸ್ತಿ ಜನ ಹೆದರುವುದು ಇಲ್ಲೇ. ಒಂದು ಅವಶೇಷ ಸುಳ್ಳಾದರೆ ನಂಬಿಕೆಯೇ ಬಿದ್ದುಹೋಗುತ್ತದೆ ಅಂತ. ಹಾಗೇನಿಲ್ಲ. ಸಂತರ ಅವಶೇಷಗಳಿಗೆ ಗೌರವ ಕೊಡುವುದು ಒಳ್ಳೆಯದು ಎಂದು ಚರ್ಚು ಕಲಿಸುತ್ತದೆ. ಈ ಮೂಳೆ ಇವರದ್ದೇ ಎಂದು ನಂಬಲೇಬೇಕು ಎಂದು ಯಾವ ಕಥೋಲಿಕರಿಗೂ ಹೇಳುವುದಿಲ್ಲ. 1998ರಲ್ಲಿ ಟ್ಯೂರಿನ್ ಬಟ್ಟೆಯ ಮುಂದೆ ನಿಂತು ಪೋಪ್ 2ನೇ ಜಾನ್ ಪೌಲ್, ಇಂಥ ಪ್ರಶ್ನೆಗಳನ್ನು ತೀರ್ಮಾನಿಸುವುದು ಚರ್ಚಿನ ಕೆಲಸವಲ್ಲ, ಅದನ್ನು ವಿಜ್ಞಾನಿಗಳಿಗೆ ಬಿಡುತ್ತೇವೆ ಎಂಬ ಅರ್ಥದ ಮಾತು ಹೇಳಿದರು. ನೇಪಲ್ಸಿನಲ್ಲಿ ಸಂತ ಜೆನ್ನಾರೋ ಅವರ ರಕ್ತ ಎನ್ನುವುದು ಸಾಮಾನ್ಯವಾಗಿ ವರ್ಷಕ್ಕೆ ಮೂರು ಬಾರಿ ಕರಗುತ್ತದೆ. ಅದನ್ನೂ ಚರ್ಚು ಅಧಿಕೃತವಾಗಿ ಪವಾಡ ಎಂದು ಸಾರಿಲ್ಲ.

ಮನೆಯಲ್ಲಿ ಅಜ್ಜಿ ದಿನಾ ಫಿಲೋಮಿನಮ್ಮನಿಗೆ ಪ್ರಾರ್ಥನೆ ಮಾಡುತ್ತಾರೆ ಅಂದುಕೊಳ್ಳಿ. ಮರೂಕ್ಕಿಯ ಹಲಗೆಗಳನ್ನು ಅವರ ಮುಂದೆ ಎತ್ತಿ ಹಾಕಬೇಡಿ. ಅವರೇ ಕೇಳಿದರೆ ಮಾತ್ರ ನಿಧಾನವಾಗಿ, ಮುಚ್ಚಿಡದೆ ಹೇಳಿ. ಅಜ್ಜಿ ಪ್ರಾರ್ಥಿಸುತ್ತಿರುವುದು ಮೂಳೆಗೆ ಅಲ್ಲ, ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಮಕ್ಕಳು ಕೇಳಿದರೆ ತಪ್ಪಿಸಿಕೊಳ್ಳಬೇಡಿ. ಗೊತ್ತಿರುವುದಿಷ್ಟು, ನಂಬುವುದಿಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಬೇರೆ ಮಾಡಿ ಹೇಳಿ. ಚಿಕ್ಕವರಿದ್ದಾಗ "ಕೇಳಬೇಡ" ಅನ್ನಿಸಿಕೊಂಡ ಮಕ್ಕಳು ದೊಡ್ಡವರಾದ ಮೇಲೆ ಅವಶೇಷದ ಜೊತೆಗೆ ಉಳಿದ ಎಲ್ಲವನ್ನೂ ಬಿಟ್ಟು ಹೋಗುತ್ತಾರೆ, ಅದು ನನಗೆ ತುಂಬಾ ನೋವಿನ ವಿಷಯ. ದರ್ಶನದ ಸಾಲಿನಲ್ಲಿ ನಿಂತು ವಾದ ಮಾಡುವುದು ಬೇಡ. ಚರ್ಚಿನ ಗುರುಗಳನ್ನು ಬಲಿಪೂಜೆ (ಮಾಸ್) ಮುಗಿದ ಮೇಲೆ ಸಮಯ ಕೇಳಿ ಭೇಟಿಯಾಗಿ, ಕಾಗದ ಇದೆಯೇ, ಯಾವಾಗ ಯಾರಿಂದ ಬಂತು ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ಸಿಕ್ಕರೆ, ಆನ್‌ಲೈನಿನಲ್ಲಿ ಕಂಡರೆ

ಅವಶೇಷಗಳನ್ನು ಮಾರುವುದು ಚರ್ಚಿನ ಕಾನೂನಿನಲ್ಲಿ ಪೂರ್ತಿ ನಿಷಿದ್ಧ. 1983ರ ಸಂಹಿತೆಯ 1190ನೇ ನಿಯಮ ಅದು. ಆದರೂ ಆನ್‌ಲೈನ್ ಹರಾಜಿನಲ್ಲಿ ಡಬ್ಬಿಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಕಾಗದದ ಫೋಟೋ ಹಾಕಿರುತ್ತಾರೆ, ಮುದ್ರೆ ಚೆನ್ನಾಗಿ ಕಾಣುತ್ತದೆ. ಆ ಕಾಗದ ಆ ಡಬ್ಬಿಯದ್ದೇ ಅಂತ ಫೋಟೋದಿಂದ ಹೇಳಲು ಆಗುವುದಿಲ್ಲ. ಸಂತರನ್ನು ಕಾಪಾಡುತ್ತೇನೆ ಎಂಬ ಒಳ್ಳೆಯ ಮನಸ್ಸಿನಿಂದಲೂ ಕೊಳ್ಳಬೇಡಿ, ಕೊಂಡರೆ ಇನ್ನೊಂದು ತಯಾರಾಗುತ್ತದೆ.

ಹಳೆಯ ಟ್ರಂಕಿನಲ್ಲಿ, ತಾತನ ಪ್ರಾರ್ಥನೆ ಪುಸ್ತಕದ ಪಕ್ಕದಲ್ಲಿ ಒಂದು ಡಬ್ಬಿ ಸಿಕ್ಕರೆ ತೆರೆಯಬೇಡಿ. ಹೊಳೆಯಲಿ ಎಂದು ಉಜ್ಜಬೇಡಿ. ಮುಂದೆ, ಹಿಂದೆ, ಚೀಟಿ, ದಾರ, ಅರಗು ಎಲ್ಲದರ ಫೋಟೋ ತೆಗೆಯಿರಿ. ಜೊತೆಗಿದ್ದ ಕಾಗದ, ಹಳೆಯ ಪತ್ರ, ಲಕೋಟೆ ಯಾವುದನ್ನೂ ಎಸೆಯಬೇಡಿ. ಇದನ್ನು ಯಾರು, ಯಾವ ಊರಿನಿಂದ, ಯಾವ ಗುರುಗಳ ಕೈಯಿಂದ ತಂದರು ಅಂತ ಮನೆಯ ಹಿರಿಯರಿಗೆ ಗೊತ್ತಿದ್ದರೆ ಅವರು ಇರುವಾಗಲೇ ಕೇಳಿ, ಹೇಳಿದ ಹಾಗೇ ಬರೆದು, ತಾರೀಖು ಹಾಕಿ ಅದರ ಜೊತೆ ಇಡಿ. ಆಮೇಲೆ ನಿಮ್ಮ ಧರ್ಮಕ್ಷೇತ್ರದ (ಡಯಾಸಿಸ್) ಕಚೇರಿಗೆ ಫೋಟೋ ತೋರಿಸಿ, ಆ ಮುದ್ರೆ ಯಾವ ಧರ್ಮಾಧ್ಯಕ್ಷರದ್ದು ಎಂದು ಗುರುತಿಸಲು ಸಹಾಯ ಕೇಳಿ. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಡಬ್ಬಿ, ಕಾಗದ, ನೀವು ಬರೆದದ್ದು ಮೂರನ್ನೂ ಬೇರೆ ಮಾಡದೆ ಒಟ್ಟಿಗೇ ಅವರಿಗೆ ಒಪ್ಪಿಸಿ, ಪಡೆದದ್ದಕ್ಕೆ ರಸೀದಿ ಬರೆಸಿಕೊಳ್ಳಿ.